ಲವ್ ಬರ್ಡ್ಸ್ ಮನೆಜಗಳ

ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಗಿಳಿಗಳನ್ನು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಹೆಸರಿನಲ್ಲೇನೋ ಪ್ರೀತಿಯಿದೆ, ಪಂಜರದಲ್ಲಿ ಗೂಡಿನ ಮಡಕೆ ಕಟ್ಟಿದೊಡನೆ ಕಾಳಗ ಶುರು. ಕಾದುವುದು ಹೆಚ್ಚಾಗಿ ಹೆಣ್ಣು, ಅದೂ ಗೂಡಿಗಾಗಿ.

ಹೆಣ್ಣು ಸುಮಾರು 18 ದಿನ ಕಾವು ಕೂರುತ್ತದೆ. ಆಗ ಗಂಡೇ ಅದಕ್ಕೆ ಗುಟುಕು ಕೊಡುತ್ತದೆ. ಜೋಡಿಯಿಲ್ಲದ ಹೆಣ್ಣೊಂದು ಪಂಜರದಲ್ಲಿದ್ದರೆ ಪರರ ಗೂಡಿಗೆ ನುಗ್ಗಿ ಮೊಟ್ಟೆ ಒಡೆಯುವುದುಂಟು, ಮರಿಗಳನ್ನು ಕುಕ್ಕಿ ಕೊಲ್ಲುವುದೂ ಉಂಟು. ಬೆಳಿಗ್ಗೆ ಸತ್ತ ಮರಿ ಕಂಡವರು ಪಾಪ, ಇಲಿಯನ್ನು ಬೈಯುತ್ತಾರೆ!

ಆದ್ದರಿಂದ ಮೊದಲು ತಲೆ ಎಣಿಸಬೇಕು. ಕೊಕ್ಕಿನ ಮೇಲಿನ ಮೂಗಿನ ಭಾಗ ಬಲಿತ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಕೆಂಪುಗಣ್ಣಿನ ಬಿಳಿ, ಹಳದಿ ಹಕ್ಕಿಗಳಲ್ಲಿ ಮಾತ್ರ ಗಂಡಿನದೂ ನೀಲಿಯಾಗದೆ ಗುಲಾಬಿಯಾಗಿಯೇ ಉಳಿದು ಮೋಸವಾಗುತ್ತದೆ. ಹೆಚ್ಚುವರಿ ಹೆಣ್ಣನ್ನು ಮಡಕೆ ಕಟ್ಟುವ ಮೊದಲೇ ಹೊರಗಿಡಬೇಕು.

ನಾಲ್ಕು ಜೋಡಿಗೆ ನಾಲ್ಕೇ ಮಡಕೆ ಸಾಲದು, ಆರಾದರೂ ಬೇಕು. ಎಲ್ಲವನ್ನೂ ಒಂದೇ ದಿನ, ಒಂದೇ ಎತ್ತರಕ್ಕೆ ಕಟ್ಟಬೇಕು. ಒಂದು ಮೇಲಿದ್ದರೆ ಎಲ್ಲಕ್ಕೂ ಅದೇ ಬೇಕು. ಗೂಡು ಹಿಡಿದ ಮೇಲೆ ಹೊಸ ಹಕ್ಕಿಯನ್ನು ಬಿಡಲೇಬಾರದು. ಇಷ್ಟಾದರೂ ರಕ್ತ ಕಂಡರೆ, ಮೇಲೆ ಬೀಳುವ ಹೆಣ್ಣನ್ನು ಅದರ ಗಂಡಿನೊಡನೆ ಅಂದೇ ಬೇರೆ ಪಂಜರಕ್ಕೆ ಸಾಗಿಸಬೇಕು.