ಗೋಪುರವೇ ಮೂಗಾದ ನ್ಯಾಯಾಲಯ

ದೊಡ್ಡ ಕಟ್ಟಡಗಳಿಗೆ ಗೋಪುರ ಏಕೆ? ಅಂದಕ್ಕೆ, ಗಡಿಯಾರ ಇಡುವುದಕ್ಕೆ, ದೂರದಿಂದ ಗುರುತು ಸಿಗಲೆಂದು – ಮಕ್ಕಳು ಹೀಗೆಲ್ಲ ಹೇಳಬಹುದು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಅಲಿಗೆನಿ ಕೌಂಟಿ ನ್ಯಾಯಾಲಯದ ಗೋಪುರಕ್ಕೆ ಬೇರೊಂದು ಕೆಲಸವೂ ಇತ್ತು. ಉಸಿರಾಡುವ ಕೆಲಸ!

1882ರಲ್ಲಿ ಅಲ್ಲಿನ ಹಳೆಯ ನ್ಯಾಯಾಲಯ ಬೆಂಕಿಗೆ ಆಹುತಿಯಾಯಿತು. ಹೊಸ ನ್ಯಾಯಾಲಯ ಮತ್ತು ಸೆರೆಮನೆಯನ್ನು ಕಟ್ಟುವ ಹೊಣೆ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಎಂಬ ವಾಸ್ತುಶಿಲ್ಪಿಗೆ ಬಂತು. ಪಿಟ್ಸ್‌ಬರ್ಗ್ ಆಗ ಕಬ್ಬಿಣ, ಉಕ್ಕು, ಗಾಜಿನ ಕಾರ್ಖಾನೆಗಳ ಊರು. ಎಲ್ಲೆಲ್ಲೂ ಕಲ್ಲಿದ್ದಲಿನ ಹೊಗೆ. ದಿನವಿಡೀ ಜನ ತುಂಬುವ ನ್ಯಾಯಾಲಯದಲ್ಲಿ ಕಿಟಕಿ ತೆರೆದರೆ ಮಸಿ, ಮುಚ್ಚಿದರೆ ಉಸಿರುಗಟ್ಟು. ಏನು ಮಾಡುವುದು?

ರಿಚರ್ಡ್‌ಸನ್ ಸುಮಾರು 250 ಅಡಿ ಎತ್ತರದ ಮುಂಭಾಗದ ಗೋಪುರವನ್ನೇ ಮೂಗಾಗಿಸಿದರು. ಬೀದಿಯ ಮಸಿಗಿಂತ ಬಹಳ ಮೇಲಿನಿಂದ ಗಾಳಿ ಒಳಗೆ ಬರಬೇಕು. ಬಳಸಿದ ಗಾಳಿ ಹಿಂಭಾಗದ ಎರಡು ಚಿಕ್ಕ ಗೋಪುರಗಳಿಂದ ಹೊರಹೋಗಬೇಕು. ಇದರ ಹಿಂದಿನ ತತ್ತ್ವ ಅಡುಗೆಮನೆಯ ಹೊಗೆಗಂಡಿಯದೇ. ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗುತ್ತದೆ, ಮೇಲೇರುತ್ತದೆ. ತೆರವಾದ ಜಾಗಕ್ಕೆ ಹೊಸ ಗಾಳಿ ನುಗ್ಗುತ್ತದೆ. ‘ಹೊಗೆಯೂ ಮೇಲೇರುತ್ತದಲ್ಲವೇ?’ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ನಿಜ. ಎತ್ತರದ ಗಾಳಿಯೇನೂ ಅಪ್ಪಟ ಶುದ್ಧವಲ್ಲ, ಬೀದಿಯದಕ್ಕಿಂತ ವಾಸಿ, ಅಷ್ಟೆ.

ಬೆಳಕಿಗೂ ಇಂಥದೇ ಉಪಾಯ. ಕಟ್ಟಡದ ನಡುವೆ ವಿಶಾಲವಾದ ಅಂಗಳ ಬಿಟ್ಟಿದ್ದರಿಂದ ಬೀದಿಯ ಕಡೆಯಿಂದಲೂ ಅಂಗಳದ ಕಡೆಯಿಂದಲೂ ಬೆಳಕು ಸಿಕ್ಕಿತು.

ಹಿಂದಿನ ಬೀದಿಯಾಚೆ ಸೆರೆಮನೆ. ನೋಡುವವರ ಕಣ್ಣಿಗೆ ನ್ಯಾಯಾಲಯಕ್ಕಿಂತ ಇದೇ ಒಂದು ಕೈ ಮೇಲು. ಅಲಂಕಾರವೆಂಬುದು ಇಲ್ಲವೇ ಇಲ್ಲ. ಒರಟಾಗಿ ಕಡಿದ ಭಾರಿ ಗ್ರಾನೈಟ್ ಕಲ್ಲುಗಳು, ಅರ್ಧವೃತ್ತದ ಕಮಾನುಗಳು. ಕಮಾನಿನ ಕಲ್ಲುಗಳು ಬೆಣೆಯಾಕಾರದವು. ಮೇಲಿನ ಭಾರ ಹೆಚ್ಚಿದಷ್ಟೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಇಷ್ಟು ಭದ್ರವಾದ ಗೋಡೆಯೊಳಗಿಂದಲೂ 1902ರಲ್ಲಿ ಇಬ್ಬರು ಸೋದರರು ಪರಾರಿಯಾದರು. ಅವರಿಗೆ ಗರಗಸ ಒದಗಿಸಿದವರು ಜೈಲಿನ ಮುಖ್ಯಾಧಿಕಾರಿಯ ಹೆಂಡತಿ! ಕಲ್ಲಿನ ಲೆಕ್ಕಾಚಾರದಲ್ಲಿ ಇದು ಬರುವುದಿಲ್ಲ.

ಎರಡೂ ಕಟ್ಟಡಗಳನ್ನು ಬೀದಿಯ ಮೇಲೆ ಹಾದುಹೋಗುವ ಕಲ್ಲಿನ ಸೇತುವೆ ಕೂಡಿಸುತ್ತದೆ. ಕೈದಿಗಳನ್ನು ಬೀದಿಗಿಳಿಸದೆ ವಿಚಾರಣೆಗೆ ಕರೆತರುವುದಕ್ಕಾಗಿ ಅದು. ಇಟಲಿಯ ವೆನಿಸ್‌ನಲ್ಲಿರುವ ಸೇತುವೆಯ ನೆನಪಿನಲ್ಲಿ ಇದಕ್ಕೂ ‘ನಿಟ್ಟುಸಿರಿನ ಸೇತುವೆ’ ಎಂದೇ ಹೆಸರು.

ರಿಚರ್ಡ್‌ಸನ್ ತಮ್ಮ ಕಟ್ಟಡ ಪೂರ್ತಿಯಾದುದನ್ನು ನೋಡಲಿಲ್ಲ. ಮೂತ್ರಪಿಂಡದ ಕಾಯಿಲೆಯಿಂದ 1886ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಸೆರೆಮನೆ ಆ ವರ್ಷ ಮುಗಿದರೆ, ನ್ಯಾಯಾಲಯವನ್ನು ಅವರ ಕಚೇರಿಯವರು 1888ರಲ್ಲಿ ಮುಗಿಸಿದರು.

1902ರ ವೇಳೆಗೆ ಎದುರಿಗೇ 20 ಅಂತಸ್ತಿನ ಫ್ರಿಕ್ ಕಟ್ಟಡ ಎದ್ದು ಗೋಪುರವನ್ನು ಕುಬ್ಜವಾಗಿಸಿತು. ಮುಂದೆ 1913ರ ಸುಮಾರಿಗೆ ನಗರದವರು ಎದುರಿನ ಗ್ರಾಂಟ್ ಬೀದಿಯ ದಿಬ್ಬವನ್ನೇ ಕಡಿದು ತಗ್ಗಿಸಿದರು. ಅಚ್ಚುಕಟ್ಟಾದ ಹೆಬ್ಬಾಗಿಲು ಒಂದಂತಸ್ತು ಮೇಲೆ ಉಳಿದುಬಿಟ್ಟಿತು! ಮೆಟ್ಟಿಲು ಕಟ್ಟಿದರು, ರಸ್ತೆ ಅಗಲಿಸುವಾಗ ಅದೂ ಹೋಯಿತು. ಸೆರೆಮನೆಯಿಂದ ಕೈದಿಗಳು 1995ರಲ್ಲಿ ತೆರಳಿದರು. ಈಗ ಅಲ್ಲಿ ಕುಟುಂಬ ನ್ಯಾಯಾಲಯವಿದೆ. ಹಳೆಯ ನ್ಯಾಯಾಲಯಕ್ಕೆ ಬರುವವರು ಇಂದು ಒಳಹೊಗುವುದು, ಒಂದು ಕಾಲಕ್ಕೆ ನೆಲಮಾಳಿಗೆಯಾಗಿದ್ದ ಅಂತಸ್ತಿನ ಮೂಲಕ.