ಪಾತ್ರ ಕೊಂಡರೆ ರೈಡ್ ಕಟ್ಟಿದಂತಲ್ಲ

ಹಾಲಿವುಡ್‌ನ ಎರಡು ಕಂಪನಿಗಳು ಒಂದಾಗುತ್ತವೆ ಎಂಬ ಸುದ್ದಿ ಬಂದರೆ ಸಾಕು, ಥೀಮ್ ಪಾರ್ಕ್ ಪ್ರಿಯರು ಲೆಕ್ಕ ಹಾಕಲು ಕೂರುತ್ತಾರೆ. ಯಾವ ಪಾತ್ರ ಇನ್ನು ಯಾವ ಪಾರ್ಕಿಗೆ, ಯಾವ ಸಿನಿಮಾ ಇನ್ನು ಯಾವ ರೈಡ್? 2025ರ ಡಿಸೆಂಬರ್‌ನಲ್ಲಿ ವಾರ್ನರ್ ಬ್ರದರ್ಸ್ ಕೊಳ್ಳುವ ಒಪ್ಪಂದವನ್ನು ನೆಟ್‌ಫ್ಲಿಕ್ಸ್ ಘೋಷಿಸಿತು, ಬೆನ್ನಿಗೇ ಪ್ಯಾರಮೌಂಟ್ ಪೈಪೋಟಿಗೆ ಇಳಿಯಿತು. ಇಂಥ ಹರಾಜು ಪಾರ್ಕುಗಳಿಗೆ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಕಳೆದ ಇಪ್ಪತ್ತು ವರ್ಷಗಳ ದಾಖಲೆ ಬೇರೆಯದನ್ನೇ ಹೇಳುತ್ತದೆ. ವಿಲೀನ ಹೊಸ ರೈಡ್ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಹಳೆಯದಕ್ಕೆ ಹೊಸ ಬೋರ್ಡು ಹಾಕುತ್ತದೆ.

ಮಾರ್ವೆಲ್ ಕಥೆಯನ್ನೇ ನೋಡಿ. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಆ ಕಂಪನಿಯನ್ನು ಕೊಂಡಿತು. ಆದರೆ ಯೂನಿವರ್ಸಲ್‌ನ ಆಗಿನ ಮಾತೃಸಂಸ್ಥೆ 1994ರಲ್ಲೇ ಮಾರ್ವೆಲ್ ಜತೆ ಕರಾರು ಮಾಡಿಕೊಂಡಿತ್ತು. ಅದರ ಬಲದಿಂದ 1999ರಲ್ಲಿ ಒರ್ಲ್ಯಾಂಡೊದಲ್ಲಿ ಮಾರ್ವೆಲ್ ದ್ವೀಪ ಎದ್ದು ನಿಂತಿತು. ಸ್ಪೈಡರ್‌ಮ್ಯಾನ್ ಮತ್ತು ಹಲ್ಕ್ ಇಂದಿಗೂ ಅಲ್ಲಿ ದುಡಿಯುತ್ತಿರುವುದು ಪ್ರತಿಸ್ಪರ್ಧಿಯ ಗಲ್ಲಾಪೆಟ್ಟಿಗೆಗೆ. ಅವರನ್ನು ಫ್ಲೋರಿಡಾದ ತನ್ನ ಪಾರ್ಕುಗಳ ರೈಡ್‌ಗೆ ಬಳಸಲು ಡಿಸ್ನಿಗೆ ಹಕ್ಕಿಲ್ಲ. ಅವೆಂಜರ್ಸ್ ಕ್ಯಾಂಪಸ್ 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆಯಿತು. ಫ್ಲೋರಿಡಾದ ಎಪ್ಕಾಟ್‌ಗೆ 2022ರಲ್ಲಿ ಸಿಕ್ಕಿದ್ದು ಆ ಕರಾರಿಗೆ ಸಿಲುಕದ ಗಾರ್ಡಿಯನ್ಸ್ ತಂಡ. ರೈಡ್ ಎಲ್ಲಿ ಏಳಬೇಕೆಂದು ತೀರ್ಮಾನಿಸಿದ್ದು 400 ಕೋಟಿ ಡಾಲರ್ ಅಲ್ಲ, ಒಂದು ಹಳೆಯ ಕರಾರುಪತ್ರ.

ಇನ್ನು ಜನ ಮುಗಿಬಿದ್ದ ರೈಡ್‌ಗಳು ಬಂದದ್ದು ಹೇಗೆ? ಡಿಸ್ನಿಲ್ಯಾಂಡ್‌ನಲ್ಲಿ 'ಸ್ಟಾರ್ ಟೂರ್ಸ್' ಆರಂಭವಾದದ್ದು 1987ರಲ್ಲಿ. ಡಿಸ್ನಿ ಲ್ಯೂಕಾಸ್‌ಫಿಲ್ಮ್ ಕೊಂಡದ್ದು 2012ರಲ್ಲಿ. ಅವತಾರ್‌ನ ಪಂಡೋರಾ 2017ರಲ್ಲೇ ತೆರೆಯಿತು. ಫಾಕ್ಸ್ ಡಿಸ್ನಿಯ ಕೈಸೇರಿದ್ದು 2019ರಲ್ಲಿ. ಹ್ಯಾರಿ ಪಾಟರ್ ಚಿತ್ರಗಳು ವಾರ್ನರ್‌ನವು, ಒರ್ಲ್ಯಾಂಡೊದಲ್ಲಿ 2010ರಲ್ಲಿ ಹಾಗ್ವರ್ಟ್ಸ್ ಕೋಟೆ ಕಟ್ಟಿದ್ದು ಯೂನಿವರ್ಸಲ್. ಮೂರೂ ಲೈಸೆನ್ಸ್ ಮೇಲೆ ಬಂದವು. ಅಷ್ಟು ದೂರ ಹೋಗುವುದೂ ಬೇಡ. ಮುಂಬೈ-ಪುಣೆ ಹಾದಿಯ ಖೋಪೋಲಿಯಲ್ಲಿ ಇಮ್ಯಾಜಿಕಾ 'ಮಿಸ್ಟರ್ ಇಂಡಿಯಾ' ರೈಡ್ ಕಟ್ಟಿದ್ದು ಆ ಸಿನಿಮಾ ತೆಗೆದ ಸಂಸ್ಥೆಯನ್ನು ಕೊಂಡು ಅಲ್ಲ.

ಲೈಸೆನ್ಸ್ ಎಂದರೆ ಮೇಜಿನ ಎರಡು ಬದಿಯಲ್ಲೂ ಜನ ಇರುತ್ತಾರೆ. ಕಥೆಯವರಿಗೆ ಹೆಸರು ಕೆಡುವ ಭಯ, ಪಾರ್ಕಿನವರಿಗೆ ದುಡ್ಡು ಮುಳುಗುವ ಭಯ. 'ಇದು ಸಾಲದು' ಎಂದು ಹೇಳುವ ಹಕ್ಕು ಇಬ್ಬರಿಗೂ ಇರುತ್ತದೆ. ಜತೆಗೆ ಪಕ್ಕದವನ ಪೈಪೋಟಿ. 2010ರಲ್ಲಿ ಪಾಟರ್ ಗೆದ್ದ ಮರುವರ್ಷವೇ ಡಿಸ್ನಿ ಅವತಾರ್ ಒಪ್ಪಂದ ಘೋಷಿಸಿತು. ಎಲ್ಲವೂ ಒಂದೇ ಮನೆಯದಾದರೆ 'ಸಾಲದು' ಎನ್ನುವವರು ಯಾರು?

ಆ ಮನೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಮಪೆಟ್ಸ್ ಸಾಕ್ಷಿ. 'ಮಪೆಟ್ ವಿಷನ್ 3ಡಿ' ಜಿಮ್ ಹೆನ್ಸನ್ ಅವರ ಕೊನೆಯ ಕೆಲಸಗಳಲ್ಲೊಂದು. ಅವರು ತೀರಿಕೊಂಡ ಮರುವರ್ಷ, 1991ರಲ್ಲಿ ಫ್ಲೋರಿಡಾದಲ್ಲಿ ತೆರೆಯಿತು. 2004ರಲ್ಲಿ ಡಿಸ್ನಿ ಮಪೆಟ್ಸ್ ಕೊಂಡಿತು, 2006ರಲ್ಲಿ ಪಿಕ್ಸಾರ್ ಕೊಂಡಿತು. 2025ರ ಜೂನ್‌ನಲ್ಲಿ ಆ ಪ್ರದರ್ಶನ ಮುಚ್ಚಿತು, ಪಿಕ್ಸಾರ್‌ನ 'ಮಾನ್‌ಸ್ಟರ್ಸ್' ಪಾತ್ರಗಳಿಗೆ ಜಾಗ ಬೇಕಿತ್ತು. ಮೊದಲು ಕೊಂಡದ್ದನ್ನು ಎಬ್ಬಿಸಿ ಆಮೇಲೆ ಕೊಂಡದ್ದನ್ನು ಕೂರಿಸುವುದಕ್ಕೆ ಸೃಷ್ಟಿ ಎಂಬ ಹೆಸರು ಒಪ್ಪುವುದಿಲ್ಲ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' 1967ರಲ್ಲಿ ರೈಡ್ ಆಗಿಯೇ ಹುಟ್ಟಿತು, ಸಿನಿಮಾ ಆದದ್ದು 2003ರಲ್ಲಿ. ಕೊಂಡ ಸಿನಿಮಾಗಳ ದುಡ್ಡು ವಾಪಸ್ ತರುವುದೇ ಪಾರ್ಕಿನ ಕೆಲಸವಾದರೆ ಅಂಥದ್ದು ಇನ್ನು ಹುಟ್ಟುವುದು ಕಷ್ಟ.

ದೊಡ್ಡ ಬಂಡವಾಳಕ್ಕೆ ದೊಡ್ಡ ಕಂಪನಿಯೇ ಬೇಕು ಎಂಬ ವಾದವಿದೆ. 2019ರಲ್ಲಿ ತೆರೆದ 'ಗ್ಯಾಲಕ್ಸೀಸ್ ಎಡ್ಜ್' ನೋಡಿದರೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ. ಸ್ವಂತದ್ದಲ್ಲದ ಕಥೆಗೆ ಅಷ್ಟು ಸುರಿಯಲು ಯಾರಾದರೂ ಹಿಂಜರಿಯುತ್ತಾರೆ. ಆದರೆ 2025ರ ಮೇ ತಿಂಗಳಲ್ಲಿ ಯೂನಿವರ್ಸಲ್ 'ಎಪಿಕ್ ಯೂನಿವರ್ಸ್' ತೆರೆಯಿತು. ಅದರ ಎರಡು ದೊಡ್ಡ ಆಕರ್ಷಣೆಗಳಾದ ನಿಂಟೆಂಡೊ ಮತ್ತು ಪಾಟರ್ ಎರಡೂ ಅದರ ಸ್ವತ್ತಲ್ಲ. ಲೈಸೆನ್ಸ್ ಭದ್ರವಾಗಿದ್ದರೆ ಬಂಡವಾಳ ತಾನಾಗಿ ಬರುತ್ತದೆ.

ಪಾರ್ಕುಗಳೇ ಒಂದಾದರೆ? 2024ರ ಜುಲೈನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಮತ್ತು ಸೀಡರ್ ಫೇರ್ ಸೇರಿ 42 ಪಾರ್ಕುಗಳ ಕಂಪನಿಯಾಯಿತು. 2025ರ ನವೆಂಬರ್ ಹೊತ್ತಿಗೆ ಮೇರಿಲ್ಯಾಂಡ್‌ನ 'ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕಾ' ಬಾಗಿಲು ಹಾಕಿತ್ತು. ಅದಕ್ಕೆ ವಿಲೀನವೊಂದೇ ಕಾರಣ ಎನ್ನಲಾಗದು. ಆದರೆ ಒಂದೇ ಪಟ್ಟಿಯಲ್ಲಿ 42 ಹೆಸರಿದ್ದಾಗ ಕೆಳಗಿನ ಹೆಸರನ್ನು ಹೊಡೆದುಹಾಕುವುದು ಸುಲಭ. ಆ ಊರಿನ ಮಕ್ಕಳಿಗೆ, ಅಲ್ಲಿ ಕೆಲಸಕ್ಕಿದ್ದವರಿಗೆ ಅದೊಂದೇ ಪಾರ್ಕು.

ಆದ್ದರಿಂದ ವಿಲೀನದ ಸುದ್ದಿ ಬಂದಾಗ 'ಯಾವ ಹೊಸ ರೈಡ್ ಬರುತ್ತದೆ' ಎಂದು ಚಪ್ಪಾಳೆ ತಟ್ಟುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಲೈಸೆನ್ಸ್ ಯಾರ ಕೈಯಲ್ಲಿದೆ? ಒಂದು ಕಥೆಗಾಗಿ ಪೈಪೋಟಿ ಮಾಡುವವರು ಇನ್ನೆಷ್ಟು ಮಂದಿ ಉಳಿಯುತ್ತಾರೆ? ಏನನ್ನು ಕೆಡವುತ್ತಾರೆ? ವಿಲೀನಕ್ಕೆ ಒಪ್ಪಿಗೆ ಕೊಡುವ ಸರ್ಕಾರಗಳೂ ಇವನ್ನು ಕೇಳಲಿ. ವಾರ್ನರ್ ಯಾರ ಪಾಲಾದರೂ ಒರ್ಲ್ಯಾಂಡೊದ ಹಾಗ್ವರ್ಟ್ಸ್ ನಿಂತಿರುವುದು ಯೂನಿವರ್ಸಲ್‌ನ ಕರಾರಿನ ಮೇಲೆ. ಕಾಯಬೇಕಾದದ್ದು ಅಂಥ ಕರಾರುಗಳನ್ನು ಮತ್ತು ಅವನ್ನು ಸಾಧ್ಯವಾಗಿಸುವ ಪೈಪೋಟಿಯನ್ನು.