ರೋಬೋಟ್ ಕಂಪನಿ ಮಾರಾಟವಾದರೆ ರೋಗಿಗೇನು?

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ಬಗೆಯ ಸುದ್ದಿ ಬರುತ್ತದೆ. ಶಸ್ತ್ರಚಿಕಿತ್ಸೆಯ ರೋಬೋಟ್ ತಯಾರಿಸುವ ಒಂದು ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಳ್ಳಲಿದೆಯಂತೆ ಎಂಬ ಸುದ್ದಿ ಅದು. ಆ 'ಅಂತೆ' ಎಂಬ ಮಾತಿಗೇ ಷೇರಿನ ಬೆಲೆ ಏರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಈ ಆತುರ ಹಣ ಹೂಡುವವರಿಗೆ ಬಿಟ್ಟಿದ್ದು ಎಂದು ನೀವು ಪುಟ ತಿರುವಬಹುದು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರು ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ದೊಡ್ಡ ಆಸ್ಪತ್ರೆಯಿಂದ ದೂರವಿರುವವರಿಗೆ ಈ ಯಂತ್ರಗಳ ಹೆಸರಿನಲ್ಲಿ ಕೊಟ್ಟ ಭರವಸೆಗಳು ಇಂಥ ಮಾರಾಟದ ನಂತರವೇ ಮೂಲೆ ಸೇರಿವೆ.

ರೋಬೋಟ್ ಎಂದಾಕ್ಷಣ ಯಂತ್ರವೇ ತಾನಾಗಿ ಹೊಟ್ಟೆ ಕೊಯ್ಯುತ್ತದೆ ಎಂದು ತಿಳಿಯಬೇಡಿ. ಶಸ್ತ್ರವೈದ್ಯರು ತುಸು ದೂರದಲ್ಲಿ ಕುಳಿತು, ತೆರೆಯ ಮೇಲೆ ದೇಹದ ಒಳಭಾಗವನ್ನು ದೊಡ್ಡದಾಗಿ ನೋಡುತ್ತಾ ಕೈಯಾಡಿಸುತ್ತಾರೆ. ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕ ಯಂತ್ರದ ತೋಳುಗಳು ಆ ಚಲನೆಯನ್ನು ಅನುಸರಿಸುತ್ತವೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಇಂಟ್ಯೂಟಿವ್ ಸರ್ಜಿಕಲ್ ಕಂಪನಿಯ 'ದ ವಿಂಚಿ'. ಅದಕ್ಕೆ 2000ದಲ್ಲಿ ಅಲ್ಲಿನ ಸರ್ಕಾರದ ಅನುಮತಿ ದೊರೆಯಿತು.

ಹಣ ಹೂಡುವವರಿಗೆ ಈ ಉದ್ಯಮದ ಮೇಲೆ ಏಕಿಷ್ಟು ಮೋಹ? ಗ್ಯಾಸ್ ಒಲೆಯ ಲೆಕ್ಕ ನೋಡಿ. ಒಲೆ ಕೊಳ್ಳುವುದು ಒಮ್ಮೆ. ಸಿಲಿಂಡರ್ ಮಾತ್ರ ಮತ್ತೆ ಮತ್ತೆ ಬೇಕು. ರೋಬೋಟಿನ ತುದಿಗೆ ಜೋಡಿಸುವ ಸಲಕರಣೆಗಳನ್ನು ಇಂತಿಷ್ಟು ಬಾರಿ ಬಳಸಿದ ಮೇಲೆ ಬದಲಿಸಲೇಬೇಕು. ಆ ಲೆಕ್ಕವನ್ನು ಯಂತ್ರವೇ ಇಡುತ್ತದೆ. ವಾರ್ಷಿಕ ನಿರ್ವಹಣೆಯ ಶುಲ್ಕ ಬೇರೆ. ಇಂಟ್ಯೂಟಿವ್ ಕಂಪನಿಯ ಆದಾಯದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಬರುವುದು ಹೀಗೆ ಮರಳಿ ಮರಳಿ ಬರುವ ಹಣದಿಂದ. ಅದಕ್ಕೇ ಇಂಥ ಕಂಪನಿಗಳಿಗೆ ಭಾರಿ ಬೆಲೆ. 2013ರಲ್ಲಿ ಸ್ಟ್ರೈಕರ್ ಕಂಪನಿ, ಮಂಡಿ ಮತ್ತು ಸೊಂಟದ ಕೀಲು ಬದಲಿಸಲು ನೆರವಾಗುವ ರೋಬೋಟಿನ ತಯಾರಕ 'ಮಾಕೋ' ಕಂಪನಿಯನ್ನು ಸುಮಾರು 165 ಕೋಟಿ ಡಾಲರಿಗೆ ಕೊಂಡಿತು. ಪೇಟೆಯಲ್ಲಿ ಷೇರಿಗಿದ್ದ ಬೆಲೆಗಿಂತ ನೂರಕ್ಕೆ 86ರಷ್ಟು ಹೆಚ್ಚು ಕೊಟ್ಟಿತು. ಆ ಯಂತ್ರ ಉಳಿಯಿತು, ಬೆಳೆಯಿತು, ನಮ್ಮ ದೇಶದ ಆಸ್ಪತ್ರೆಗಳಿಗೂ ಬಂತು. ಆದ್ದರಿಂದ ಮಾರಾಟವೆಲ್ಲ ಕೆಡುಕೆಂದು ಹೇಳಲಾಗದು.

ಇನ್ನೊಂದು ಮುಖವೂ ಇದೆ. 2001ರ ಸೆಪ್ಟೆಂಬರ್ 7ರಂದು ಡಾ. ಝಾಕ್ ಮರೆಸ್ಕೋ ಅವರು ನ್ಯೂಯಾರ್ಕಿನಲ್ಲಿ ಕುಳಿತು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯ ಪಿತ್ತಕೋಶವನ್ನು ತೆಗೆದರು. ಬಳಸಿದ್ದು ಕಂಪ್ಯೂಟರ್ ಮೋಷನ್ ಎಂಬ ಕಂಪನಿಯ 'ಝೂಸ್' ರೋಬೋಟ್. ಇನ್ನು ಹಳ್ಳಿಯ ರೋಗಿ ನಗರಕ್ಕೆ ಬರಬೇಕಿಲ್ಲ ಎಂದು ಆಸೆ ಚಿಗುರಿತು. ಆದರೆ ಕಂಪ್ಯೂಟರ್ ಮೋಷನ್ ಮತ್ತು ಇಂಟ್ಯೂಟಿವ್ ಪೇಟೆಂಟ್ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಜಗಳವಾಡುತ್ತಿದ್ದವು. 2003ರಲ್ಲಿ ಎರಡೂ ಒಂದಾದವು. ಜಗಳ ಮುಗಿಯಿತು, ಅದರೊಡನೆ ಝೂಸ್ ಕಥೆಯೂ ಮುಗಿಯಿತು.

ಎರಡನೆಯದು ನಮ್ಮ ದೇಶದ್ದೇ. 2018ರ ಡಿಸೆಂಬರಿನಲ್ಲಿ ಡಾ. ತೇಜಸ್ ಪಟೇಲ್ ಅವರು ಗಾಂಧಿನಗರದ ಅಕ್ಷರಧಾಮದಲ್ಲಿ ಕುಳಿತು, ಸುಮಾರು 32 ಕಿ.ಮೀ. ದೂರದ ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದ ಹೃದ್ರೋಗಿಗಳ ರಕ್ತನಾಳಕ್ಕೆ ಕೊರಿಂಡಸ್ ಕಂಪನಿಯ ರೋಬೋಟಿನಿಂದ ಚಿಕಿತ್ಸೆ ನೀಡಿದರು. ಮರುವರ್ಷವೇ ಸೀಮೆನ್ಸ್ ಹೆಲ್ದಿನಿಯರ್ಸ್ ಆ ಕಂಪನಿಯನ್ನು 110 ಕೋಟಿ ಡಾಲರಿಗೆ ಕೊಂಡಿತು. 2023ರಲ್ಲಿ ಹೃದಯದ ರಕ್ತನಾಳಗಳ ರೋಬೋಟ್ ವ್ಯವಹಾರದಿಂದ ತಾನು ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಷೇರುದಾರರಿಗೆ ಹಣ ಬಂದಿತ್ತು. ದೂರದ ಊರಿನ ಹೃದ್ರೋಗಿಗೆ ಬಂದದ್ದೇನು?

ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಆ ದಾರಿಯಲ್ಲಿ ಎದೆನೋವಿನ ರೋಗಿಯನ್ನೋ ಹೆರಿಗೆ ಕಷ್ಟವಾದ ತಾಯಿಯನ್ನೋ ಕರೆದೊಯ್ದವರಿಗೆ ದೂರದಿಂದಲೇ ಶಸ್ತ್ರಚಿಕಿತ್ಸೆ ಎಂಬ ಮಾತು ಎಷ್ಟು ಸಿಹಿಯೆಂದು ವಿವರಿಸಬೇಕಿಲ್ಲ. ಆಸೆ ಸತ್ತಿಲ್ಲ ಎಂಬುದೂ ನಿಜ. ಗುರುಗ್ರಾಮದ ಎಸ್‌ಎಸ್ ಇನ್ನೊವೇಷನ್ಸ್ ಕಂಪನಿಯ 'ಮಂತ್ರ' ಎಂಬ ದೇಶೀ ರೋಬೋಟಿನಿಂದ 2025ರಲ್ಲಿ ಅಲ್ಲಿಂದಲೇ ಜೈಪುರದ ರೋಗಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆದಿದೆ. ಸಂತೋಷದ ವಿಷಯವೇ. ಆದರೆ ಸ್ಟ್ರಾಸ್‌ಬರ್ಗಿನಲ್ಲಿಯೂ ರೋಗಿಯ ಪಕ್ಕದಲ್ಲಿ ವೈದ್ಯರ ತಂಡ ಸಿದ್ಧವಾಗಿ ನಿಂತಿತ್ತು ಎಂಬುದನ್ನು ಮರೆಯಬಾರದು. ಸಂಪರ್ಕ ತಪ್ಪಿದರೆ ಕತ್ತರಿ ಹಿಡಿಯುವ ಶಸ್ತ್ರವೈದ್ಯ, ಅರಿವಳಿಕೆ ತಜ್ಞ, ನುರಿತ ದಾದಿ, ಹೊಂದುವ ರಕ್ತ, ಕೈಕೊಡದ ವಿದ್ಯುತ್ ಇವೆಲ್ಲ ರೋಗಿ ಇರುವ ಊರಿನಲ್ಲೇ ಬೇಕು. ಅಂದರೆ ರೋಬೋಟ್ ಬಂದರೂ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮೊದಲು ಬೇಕಾದದ್ದು ಇಂದು ಬೇಕಾದದ್ದೇ. ಅರಿವಳಿಕೆ ತಜ್ಞರಿಲ್ಲದ ದಿನ ಸಿಸೇರಿಯನ್ ಕೂಡ ನಡೆಯದು.

ಊರಿನಲ್ಲಿ ನೆಲೆನಿಂತ ಸೇವೆಯ ಬೆಲೆ ಏನೆಂಬುದಕ್ಕೆ ಪಾವಗಡವೇ ಸಾಕ್ಷಿ. ಸ್ವಾಮಿ ಜಪಾನಂದಜಿಯವರ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯಲ್ಲಿ ಬಡವರ ಕಣ್ಣಿನ ಪೊರೆ ತೆಗೆಯುವ ಕೆಲಸ ವರ್ಷಗಳಿಂದ ನಡೆದಿದೆ. ಅಲ್ಲಿ ರೋಗಿಗೆ ಬೆಳಕು ಕೊಟ್ಟದ್ದು ಯಾವ ಷೇರುಪೇಟೆಯ ಏರಿಳಿತವೂ ಅಲ್ಲ.

ಸರ್ಕಾರವಾಗಲಿ, ಧರ್ಮದರ್ಶಿ ಸಂಸ್ಥೆಯಾಗಲಿ ರೋಬೋಟ್ ಕೊಳ್ಳುವುದಾದರೆ ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಲೇಬೇಕು. ಕಂಪನಿ ಕೈ ಬದಲಾದರೂ ಇಷ್ಟು ವರ್ಷ ಬಿಡಿಭಾಗ ಸಿಗಬೇಕು. ಸಲಕರಣೆಯ ಬೆಲೆಗೆ ಮಿತಿ ಇರಬೇಕು. ತಯಾರಿಕೆ ನಿಂತರೆ ಪರಿಹಾರವೋ ಬದಲಿ ಯಂತ್ರವೋ ದೊರೆಯಬೇಕು. ಬೋರ್‌ವೆಲ್ ಮೋಟಾರು ಕೊಳ್ಳುವಾಗಲೂ ರಿಪೇರಿಯವನು ಹತ್ತಿರದಲ್ಲಿದ್ದಾನೆಯೇ ಎಂದು ಕೇಳುವ ಜನ ನಾವು. ಕೋಟಿಗಟ್ಟಲೆಯ ಯಂತ್ರಕ್ಕೆ ಕೇಳದಿರುವುದು ಜಾಣತನವಲ್ಲ.

ಇನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಮಗೆ ರೋಬೋಟಿನ ಸಲಹೆ ಬಂದರೆ ಗಾಬರಿ ಬೇಡ, ಬೆರಗೂ ಬೇಡ. ನನ್ನ ಕಾಯಿಲೆಗೆ ಇದರಿಂದ ಹೆಚ್ಚಿನ ಲಾಭವೇನು? ಸಾಮಾನ್ಯ ಲ್ಯಾಪರೊಸ್ಕೋಪಿ ಅಥವಾ ತೆರೆದ ಶಸ್ತ್ರಚಿಕಿತ್ಸೆ ಸಾಲದೆ? ನೀವು ಇಂಥವನ್ನು ಎಷ್ಟು ಮಾಡಿದ್ದೀರಿ? ಹೀಗೆ ವೈದ್ಯರನ್ನು ವಿನಯದಿಂದಲೇ ಕೇಳಿ. ರೋಬೋಟ್ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಸೂಚಿಸಿದೆಯಾದರೂ ಅನೇಕ ಪಾಲಿಸಿಗಳಲ್ಲಿ ಹಣಕ್ಕೆ ಮಿತಿಯಿದೆ. ದಾಖಲಾಗುವ ಮೊದಲೇ ಆ ಮಿತಿಯನ್ನು ತಿಳಿದುಕೊಳ್ಳಿ.

ಮುಂದಿನ ಸಲ ಆ 'ಅಂತೆ' ಸುದ್ದಿ ಕಂಡಾಗ, ಕೊಳ್ಳುವವರು ಯಂತ್ರವನ್ನು ಉಳಿಸಿಕೊಳ್ಳುವರೇ ಎಂದು ಕೇಳಿಕೊಳ್ಳಿ. ಹಾಗೆಯೇ ನಿಮ್ಮ ಶಾಸಕರು ಊರಿಗೆ ಬಂದಾಗ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ರಾತ್ರಿಯೂ ಇರುತ್ತಾರೆಯೇ ಎಂದು ಕೇಳಿ.